ಮೂರನೇ ನೀರು

ಆಗ ನಮ್ಮ ಕೊಟ್ಟೂರಿನಲ್ಲಿ ಸೈಕಲ್ಲಿಗೆ ಎಂಜಿನ್ ಕೂಡಿಸುವ ಹುಚ್ಚು ಹತ್ತಿತ್ತು. ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ಎಂಜಿನ್ ಬಿಚ್ಚಿ, ಹಳೆಯ ಸೈಕಲ್ಲಿಗೆ ಬಿಗಿದು, ಡುರ್ರೆಂದು ಊರೆಲ್ಲ ತಿರುಗುವ ಕಾಲ. ಪಂಪಿನ ಜೊತೆ ಬರುತ್ತಿದ್ದ ಪ್ಲಾಸ್ಟಿಕ್ ಟ್ಯಾಂಕು ಯಾರಿಗೂ ಹಿಡಿಸುತ್ತಿರಲಿಲ್ಲ. ಎಲ್ಲರಿಗೂ ಅಜ್ಜನ ಕಾಲದ ಮೋಟರ್ ಸೈಕಲ್ಲಿಗೆ ಇರುತ್ತಿದ್ದಂಥ, ಹೊಟ್ಟೆ ಉಬ್ಬಿದ ತಗಡಿನ ಟ್ಯಾಂಕೇ ಬೇಕು. ಅದನ್ನು ಕೈಯಲ್ಲಿ ಮಾಡಿಕೊಡುತ್ತಿದ್ದವನು ನಮ್ಮಪ್ಪ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಬಾಲ್ಯ ಎಂದರೆ ಎಲ್ಲರೂ ಹಡಗಲಿ ಮಲ್ಲಿಗೆಯ ಘಮ, ಮೊದಲ ಮಳೆಯ ಘಮ ಎನ್ನುತ್ತಾರೆ. ನನ್ನ ಬಾಲ್ಯಕ್ಕೆ ಘಮ ಇರಲಿಲ್ಲ, ನಾತವಿತ್ತು. ಅಪ್ಪ ತಗಡಿಗಾಗಿ ತರುತ್ತಿದ್ದುದು ಶೇಂಗಾ ಎಣ್ಣೆಯ ಖಾಲಿ ಡಬ್ಬಿಗಳನ್ನು. ತಳದಲ್ಲಿ ಉಳಿದ ಎಣ್ಣೆ ಗೋಂದಿನಂತಾಗಿ, ಕಮಟು ಹಿಡಿದು, ಅದರಲ್ಲಿ ಜಿರಳೆಗಳು ಸತ್ತು ಅಂಟಿಕೊಂಡಿರುತ್ತಿದ್ದವು. ಅದರ ಮೇಲೆ ಬೆಸುಗೆಗೆ ಹಚ್ಚುವ ತೇಜಾಬಿನ, ಅಂದರೆ ಆಸಿಡ್ಡಿನ, ಹೊಗೆ ಬೇರೆ. ನನ್ನ ಯೂನಿಫಾರ್ಮಿಗೂ ಅದೇ ನಾತ, ಅವ್ವನ ರೊಟ್ಟಿ, ಪುಂಡಿಪಲ್ಯಕ್ಕೂ ಅದೇ ನಾತ. ಮಂಡಕ್ಕಿ ಒಗ್ಗರಣೆ ಮಾಡಿದ ದಿನ ತಟ್ಟೆ ಎತ್ತಿಕೊಂಡು ಓಣಿಯ ಕೊನೆಗೆ ಓಡಿಹೋಗಿ ತಿನ್ನುತ್ತಿದ್ದೆ. ಗೆಳತಿಯರು ಕಲ್ಲಾಟಕ್ಕೆ ನನ್ನ ಕಲ್ಲು ಮುಟ್ಟುತ್ತಿರಲಿಲ್ಲ. ಅವು ಟ್ಯಾಂಕು ತೊಳೆಯುವ ಕಲ್ಲೆಂದು ಅವರಿಗೆ ಗೊತ್ತಿತ್ತು.

ಡಬ್ಬಿ ಕತ್ತರಿಸಿ, ತಗಡನ್ನು ಮರಳಿನ ಚೀಲದ ಮೇಲಿಟ್ಟು, ಕಟ್ಟಿಗೆಯ ಕೊಡತಿಯಿಂದ ಬಡಿದು ಬಡಿದು ಹೊಟ್ಟೆ ತರಿಸಿ, ಎರಡು ಹೋಳು ಕೂಡಿಸಿ ಬೆಸೆದ ಮೇಲೆ ಒಳಗಿನ ಹೊಲಸು ತೆಗೆಯಬೇಕು. ಒಂದು ಹಿಡಿ ಸಣ್ಣ ಕಲ್ಲು, ಸೋಡಾ ಬೆರೆಸಿದ ಬಿಸಿನೀರು ಒಳಗೆ ಹಾಕಿ ರಟ್ಟೆ ಸೋಲುವ ತನಕ ಕುಲುಕಬೇಕು. ಅದು ನನ್ನ ಕೆಲಸ. ಮೊದಲ ನೀರು ಕಪ್ಪು, ಎರಡನೆಯದು ಹಳದಿ. ಮೂರನೆಯದಕ್ಕೆ ಬರೀ ನೀರು, ಅದು ತಿಳಿಯಾಗಿಯೇ ಬರಬೇಕು. ಅದನ್ನು ಚೊಂಬಿನಲ್ಲಿ ಹಿಡಿದು ಅಪ್ಪನಿಗೆ ಕೊಟ್ಟರೆ ಅವನು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ಚಪ್ಪರಿಸಿ ನೋಡುತ್ತಿದ್ದ. ಕಣ್ಣು ಮೋಸ ಹೋಗುತ್ತದೆ, ಜಿಡ್ಡು ನಾಲಿಗೆಗೇ ತಿಳಿಯುವುದು ಎನ್ನುತ್ತಿದ್ದ. ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯ ಗಂಗಮ್ಮ ಟೀಚರ್ ಒಂದು ಟ್ಯಾಂಕು ಮಾಡಿಕೊಡಲು ಹೇಳಿದರು. ಉಜ್ಜಿನಿ ದಾರಿಯ ಒಂದು ಹಳ್ಳಿಯಲ್ಲಿ ಅವರಿಗೆ ಅಂಗನವಾಡಿ ಕೆಲಸ. ಎಡಗಾಲು ಚಿಕ್ಕಂದಿನಿಂದ ಸಣ್ಣದು. ಆ ಹಳ್ಳಿಗೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು, ಅದೂ ಬಂದರೆ ಬಂತು. ಎರಡು ಸಲ ತಡವಾಗಿ ಹೋಗಿ ಬೈಸಿಕೊಂಡಿದ್ದರು, ಇನ್ನೊಮ್ಮೆ ತಡವಾದರೆ ಕೆಲಸದ ಆಸೆ ಬಿಡಬೇಕಿತ್ತು. ಅದಕ್ಕೇ ತಮ್ಮ ಲೇಡೀಸ್ ಸೈಕಲ್ಲಿಗೆ ಎಂಜಿನ್ ಹಾಕಿಸಿಕೊಂಡಿದ್ದರು. ಲೇಡೀಸ್ ಸೈಕಲ್ಲಿಗೆ ಟ್ಯಾಂಕು ಕೂಡಿಸಲು ಮೇಲಿನ ಅಡ್ಡ ಪೈಪೇ ಇಲ್ಲವಲ್ಲ. ಅಪ್ಪ ಮೂರು ದಿನ ತಲೆ ಕೆಡಿಸಿಕೊಂಡು, ಸೀಟಿನ ಹಿಂದೆ ಕೂರುವಂತೆ, ಅವರ ಸೊಂಟಕ್ಕೆ ತಾಗದಂತೆ ಬಾಗಿದ ಒಂದು ಪುಟ್ಟ ಟ್ಯಾಂಕು ಮಾಡಿದ. ಅಷ್ಟು ಚೆಂದದ್ದನ್ನು ಅವನು ಮತ್ತೆ ಮಾಡಲಿಲ್ಲ. ಸೋಮವಾರ ಸೂಪರ್‌ವೈಸರ್ ಬರುವವರಿದ್ದರು, ಅಷ್ಟರೊಳಗೆ ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಭಾನುವಾರ ಟ್ಯಾಂಕು ನನ್ನ ಕೈಗೆ ಬಂತು.

ಮೊದಲ ನೀರು ಸುರಿದಾಗ ಜಿರಳೆಯ ಕಾಲು, ರೆಕ್ಕೆ ಎಲ್ಲ ನನ್ನ ಪಾದದ ಮೇಲೇ ಬಿದ್ದವು. ಗಟಾರದ ಬದಿಗೆ ಕೂತು ಬೆಳಗಿನ ಉಪ್ಪಿಟ್ಟೆಲ್ಲ ಕಾರಿದೆ. ಮತ್ತೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಕಲ್ಲು ತೆಗೆದು, ಅಡಿಗೆಮನೆಯ ಕೊಡದಿಂದ ಒಂದು ಚೊಂಬು ನೀರು ತಂದು, ಇದೇ ಮೂರನೇ ನೀರೆಂದು ಅಪ್ಪನ ಮುಂದೆ ಹಿಡಿದೆ. ಅವನು ನಾಲಿಗೆಗೆ ಹಚ್ಚಿಕೊಂಡ.

"ಹಿಂಗ ತೊಳೀಬೇಕು ನೋಡವ್ವ," ಎಂದ.

ನನಗೆ ನಾಚಿಕೆಯಾಗಲಿಲ್ಲ. ಬಚಾವಾದೆ ಅನಿಸಿತು, ಅಷ್ಟೇ. ಅಂದಿನ ಆ ಹುಡುಗಿಯನ್ನು ಈಗ ನೆನೆದರೆ ಜಿರಳೆಗಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಸೋಮವಾರ ಮಧ್ಯಾಹ್ನ ಟೀಚರ್ ಯಾರದೋ ಟ್ರ್ಯಾಕ್ಟರಿನಲ್ಲಿ ಸೈಕಲ್ ಹೇರಿಸಿಕೊಂಡು ನಮ್ಮ ಬಾಗಿಲಿಗೆ ಬಂದರು. ಅರ್ಧ ದಾರಿಯಲ್ಲಿ ಎಂಜಿನ್ ನಿಂತಿತ್ತಂತೆ. ಆ ಕಾಲಿನಲ್ಲಿ ಆ ಭಾರ ನೂಕಿಕೊಂಡು ಹಳ್ಳಿ ಮುಟ್ಟುವಷ್ಟರಲ್ಲಿ ಸೂಪರ್‌ವೈಸರ್ ಬೀಗ ನೋಡಿಕೊಂಡು ಹೊರಟುಹೋಗಿದ್ದರಂತೆ. ಟೀಚರ್ ಬೈಯಲಿಲ್ಲ.

"ನಿಮ್ಮ ಮಾತಿನ ಮ್ಯಾಲೆ ಬಸ್ ಬಿಟ್ಟೆ ಅಣ್ಣಾ," ಎಂದರು.

ಅಪ್ಪ ಟ್ಯಾಂಕಿನಿಂದ ಇಳಿದ ಪೈಪು ಕಿತ್ತು ಬಾಯಿಗಿಟ್ಟು ಜಗ್ಗಿದ. ಕಟ್ಟಿಕೊಂಡದ್ದು ಒಮ್ಮೆಲೇ ಅವನ ಬಾಯಿಗೆ ಬಂತು. ಪೆಟ್ರೋಲು, ಕಮಟು ಎಣ್ಣೆಯ ಗೋಂದು, ಎಲ್ಲ. ಥೂ ಎಂದು ರಸ್ತೆಗೆ ಉಗುಳಿ, ತುಟಿ ಒರೆಸಿಕೊಂಡು, ನನ್ನನ್ನು ಒಮ್ಮೆ ನೋಡಿದ.

"ತಪ್ಪು ನಂದು ಟೀಚರ್. ಮೂರನೇ ನೀರು ನಾನ ನೋಡಿದ್ದೆ. ನನ್ನ ನಾಲಿಗಿ ತಪ್ಪೇತಿ."

ಟೀಚರ್ ಹೋದ ಮೇಲೆ ಅಪ್ಪ ಆ ಟ್ಯಾಂಕನ್ನು ತಾನೇ ಮೂರು ನೀರಿನಲ್ಲಿ ತೊಳೆಯಲು ಕೂತ. ತೊಳೆಯುತ್ತಲೇ, ತಲೆ ಎತ್ತದೆ ಹೇಳಿದ.

"ತೊಳಿಯೋದು ಬೋರಿನ ಸವಳು ನೀರಾಗ. ನೀ ತಂದಿದ್ದು ಸಿಹಿ ಇತ್ತು. ನನಗ ಆವಾಗ್ಲೇ ತಿಳೀಬೇಕಿತ್ತು."

ಅದನ್ನು ಅವನು ಮತ್ತೆಂದೂ ಎತ್ತಲಿಲ್ಲ. ಮೂರು ದಿನ ಅವನ ಬಾಯಿ ಹುಣ್ಣಾಗಿ, ಬರೀ ಮಜ್ಜಿಗೆ ಕುಡಿದುಕೊಂಡಿದ್ದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಅವತ್ತು ಮಾಡಿದವಳು ನಾನು, ಉಂಡವನು ಅಪ್ಪ.

ಟೀಚರ ಕೆಲಸ ಹೇಗೋ ಉಳಿಯಿತು. ಆದರೆ ಅವರು ಮತ್ತೆ ಆ ಸೈಕಲ್ ಹತ್ತಲಿಲ್ಲ, ಟ್ಯಾಂಕನ್ನೂ ವಾಪಸು ಕೊಟ್ಟುಬಿಟ್ಟರು. ನಾನು ಶಾಲೆಗೆ ಹೋಗುವಾಗ ಅವರು ಒಂಟಿಕಾಲಿನ ಮೇಲೆ ಭಾರ ಹಾಕಿ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು. ನಾನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ.

ಈಗ ನಾನು ಹಗರಿಬೊಮ್ಮನಹಳ್ಳಿಯ ಒಂದು ಲ್ಯಾಬಿನಲ್ಲಿ ಕಂಡವರ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುತ್ತೇನೆ. ಯಾವುದಕ್ಕೂ ಹೇಸುವುದಿಲ್ಲ. ಎಂಜಿನ್ ಸೈಕಲ್ಲುಗಳು ಗುಜರಿಗೆ ಹೋದವು, ಅಪ್ಪನ ಕೊಡತಿಗೆ ಗೆದ್ದಲು ಹಿಡಿಯಿತು. ಹೋದ ತಿಂಗಳು ಹೈವೇ ಹೋಟೆಲಿನವನೊಬ್ಬ ಮನೆಗೆ ಬಂದು, ಇನ್ನೂ ನಮ್ಮಲ್ಲೇ ಇದ್ದ ಟೀಚರ ಟ್ಯಾಂಕು ಕೇಳಿದ. ತೂತು ಕೊರೆದು ಪ್ಲಾಸ್ಟಿಕ್ ಹೂ ಸಿಕ್ಕಿಸಿ ಗೋಡೆಗೆ ಹಾಕುತ್ತಾನಂತೆ, ಹಳೇ ಕಾಲದ ಕಳೆ ಬರುತ್ತದಂತೆ. ಅವನ ಮುಖ ನೋಡಿಯೇ ಅಸಹ್ಯವಾಯಿತು, ಕೊಡಲಿಲ್ಲ.

ಅಷ್ಟು ವರ್ಷ ಕುಡಿದ ತೇಜಾಬಿನ ಹೊಗೆಗೆ ಅಪ್ಪನ ಮೂಗು ಹೋಯಿತು, ಹಿಂದೆಯೇ ನಾಲಿಗೆಯೂ ಹೋಯಿತು. ಸಾರಿಗೆ ಉಪ್ಪು ಮರೆತರೂ ಉಣ್ಣುತ್ತಾನೆ, ಕೆಟ್ಟ ಹಾಲನ್ನೂ ಕುಡಿಯುತ್ತಾನೆ. ಮೊನ್ನೆ ಫಿಲ್ಟರ್ ನೀರಿನ ಕ್ಯಾನು ಬಿಟ್ಟು ಬಚ್ಚಲ ನಲ್ಲಿಯ ಸವಳು ನೀರನ್ನೇ ಚೊಂಬಿಗೆ ತುಂಬಿಕೊಂಡು ಅರ್ಧ ಕುಡಿದ.

"ಚಲೋ ಅದಾವು ನೀರು. ನೋಡವ್ವ," ಎಂದು ಉಳಿದದ್ದನ್ನು ನನ್ನ ಕೈಗೆ ಕೊಟ್ಟ.

ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಥೂ ಎಂದು ಉಗುಳುವಷ್ಟು ಸವಳು. ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ಉಗುಳದೆ ನುಂಗಿದೆ.