ಕರೆಂಟಿನ ಪಟ್ಟಿ ಮತ್ತು ಸಂತೆಯ ಬೀಗ

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ವಾರವಿಡೀ ಸಂತೆ ತಿರುಗಿ ಸೀರೆ ಮಾರಿದವಳು ನಾನು. ಸಂತೆಗೆ ಕೂರುವ ಹೆಂಗಸರದ್ದೊಂದು ಕಟ್ಟುಪಾಡು: ಬೆಳಿಗ್ಗೆ ಅರ್ಧ ಲೋಟ ಚಹಾ, ಆಮೇಲೆ ಗಂಟು ಕಟ್ಟುವವರೆಗೆ ನೀರು ಮುಟ್ಟಬಾರದು. ಕುಡಿದರೆ ಹೋಗಲು ಜಾಗವೆಲ್ಲಿ? ಹೊಸಬಳು ಯಾರಾದರೂ ಬಾಟಲಿ ಎತ್ತಿದರೆ ನಾನೇ ಗದರುತ್ತಿದ್ದೆ. ಅದನ್ನು ಜಾಣತನ ಅಂದುಕೊಂಡಿದ್ದೆನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಗಡ್ಡೆಯ ಜೊತೆ ಮೂತ್ರ ಬರುವ ಅರಿವೂ ಹೋಯಿತು. ನರಗಳಿಗೆ ಪೆಟ್ಟಾಗಿದೆ ಎಂದರು. ಟ್ಯೂಬು ಹಾಕಿ, ತುದಿಗೊಂದು ಚೀಲ ಕಟ್ಟಿದರು. ಅದು ಕಳಚದಿದ್ದರೆ ನನ್ನ ವ್ಯಾಪಾರ ಮುಗಿದಂತೆ. ಕಾಲಿಗೆ ಉಚ್ಚೆಯ ಚೀಲ ಕಟ್ಟಿಕೊಂಡು ಗಿರಾಕಿಗೆ ಸೀರೆಯ ಮಡಿಕೆ ಬಿಚ್ಚಿ ತೋರಿಸುವುದು ಹೇಗೆ?

ಸೊಂಟಕ್ಕೂ ಕಿಬ್ಬೊಟ್ಟೆಗೂ ಅಂಟುಪಟ್ಟಿ ಹಚ್ಚಿ ಸಣ್ಣಗೆ ಕರೆಂಟು ಕೊಟ್ಟು ನರ ಎಬ್ಬಿಸುವ ಚಿಕಿತ್ಸೆ ಶುರುವಾಯಿತು. ಇರುವೆ ಹರಿದಂತೆ ಜುಮುಜುಮು.

“ಮೋಟರಿಗೆ ಕರೆಂಟ್ ಬಂತಲ್ಲ, ಇನ್ನ ನೀರೂ ಬರ್ತೈತಿ ಬಿಡಕ್ಕ” ಎಂದು ಆರೈಕೆಗೆ ಬಂದಿದ್ದ ಓರಗಿತ್ತಿ ನಕ್ಕಳು.

ನಾನು ಪಟ್ಟಿ ಹಚ್ಚುವ ಥೆರಪಿಯ ಹುಡುಗಿಯ ಜೊತೆ ಚೌಕಾಸಿಗಿಳಿದೆ. “ತಂಗಿ, ಲಗೂನ ಮುಗಿಸವ್ವ.”

“ಇದು ಸೀರಿ ರೇಟ್ ಅಲ್ರಿ, ಅಮ್ಮ. ನರ ಅದರ ಟೈಮ್ ತಗಳ್ತೈತಿ.”

ಟ್ಯೂಬು ತೆಗೆದು ನೋಡುವ ದಿನ ಬಂತು. ನಾನಾಗಿಯೇ ಮೂತ್ರ ಮಾಡಬೇಕು; ಒಳಗೆ ಎಷ್ಟು ಉಳಿಯಿತೆಂದು ಸ್ಕ್ಯಾನ್ ಮಾಡುತ್ತಾರೆ. ಕಡಿಮೆ ಉಳಿದರೆ ಬಿಡುಗಡೆ. ನಾನು ಸಂತೆಯ ಜಾಣೆ, ಹಿಂದಿನ ದಿನದಿಂದಲೇ ನೀರು ಬಿಟ್ಟೆ. ಕೇಳಿದರೆ ಕುಡಿದಿದ್ದೇನೆ ಅಂದೆ. ಒಳಗಿದ್ದದ್ದೇ ಸ್ವಲ್ಪ, ಉಳಿದದ್ದೂ ಸ್ವಲ್ಪ. ಮನೆಗೆ ಕಳಿಸಿದರು. ಮೂರನೇ ದಿನ ಮೂತ್ರ ಒಳಗೇ ಕಟ್ಟಿಕೊಂಡು ಕಿಬ್ಬೊಟ್ಟೆ ಕಲ್ಲಾಗಿ ಚಳಿಜ್ವರ. ಮತ್ತೆ ಟ್ಯೂಬು. ನೀರು ಬಿಟ್ಟಿದ್ದನ್ನು ಆಗ ಬಾಯಿಬಿಟ್ಟೆ.

“ಯಾರಿಗ್ ಮೋಸ ಮಾಡಿದ್ರಿ, ನನಗೋ, ನಿಮಗೋ?” ಎಂದಳು ಹುಡುಗಿ.

ಆಪರೇಷನ್ ಆದ ಅಕ್ಕತಂಗಿಯರೇ, ಎಲ್ಲಿ ಬೇಕಾದರೂ ಚೌಕಾಸಿ ಮಾಡಿ, ಡಾಕ್ಟರು ಹೇಳಿದ ನೀರಿನಲ್ಲಿ ಮಾತ್ರ ಬೇಡ.

ಆಮೇಲೆ ಹೇಳಿದಷ್ಟು ಕುಡಿದೆ, ಹೇಳಿದಷ್ಟು ದಿನ ಪಟ್ಟಿ ಹಚ್ಚಿಸಿಕೊಂಡೆ. ಚೀಲ ಕಳಚಿತು. ಕರೆಂಟಿನಿಂದಲೋ, ದಿನ ಕಳೆದದ್ದರಿಂದಲೋ, ಎರಡೂ ಇರಬಹುದು ಎಂದರು ಡಾಕ್ಟರು. ಆದರೆ ಅರಿವು ಇನ್ನೂ ಮಂದ. ಗಡಿಯಾರ ನೋಡಿ ಮೂರು ಗಂಟೆಗೊಮ್ಮೆ ಹೋಗಲೇಬೇಕು.

ಮೊದಲ ಸಂತೆಗೆ ಹೋದೆ. ಯಾವ ಊರೆಂದು ಹೇಳುವುದಿಲ್ಲ, ಹೇಳಿದರೆ ಅಲ್ಲಿ ನನಗೆ ಜಾಗ ಸಿಗುವುದಿಲ್ಲ. ಹನ್ನೊಂದಾಯಿತು, ಹೋಗಲೇಬೇಕಾದ ಹೊತ್ತು. ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿ ಸುಂಕ ವಸೂಲಿಯವನ ಹತ್ತಿರ.

“ಇಷ್ಟ್ ವರ್ಷ ಕೇಳ್ದಾಕಿ ಅಲ್ಲ, ಈಗೇನವ್ವ ನಿಂದು?”

“ಕೇಳದಿದ್ದದ್ದ ತಪ್ಪಾಗೈತಿ. ತೆಗಿ. ಇಲ್ಲಾಂದ್ರ ನಿನ್ನ ಕುರ್ಚಿ ಮುಂದ ಕುಂದರ್ತೀನಿ, ನೋಡು.”

ಸೊಪ್ಪಿನವಳೂ ಬಳೆಯವಳೂ ಎದ್ದು ಬಂದು ನನ್ನ ಹಿಂದೆ ನಿಂತರು. ಅವನು ಕೀಲಿ ಎಸೆದ. ಒಳಗೆ ಅವನ ಹರಿದ ತಾಡಪಾಲು, ಬಿದಿರಿನ ಗಳಗಳು. ಎಳೆದು ಹೊರಗೆ ಹಾಕಿದೆವು.

ಕೀಲಿಯನ್ನು ಇವತ್ತಿನವರೆಗೂ ಹಿಂದಕ್ಕೆ ಕೊಟ್ಟಿಲ್ಲ. ಸಂತೆಯ ದಿನ ಅದು ನನ್ನ ಗಂಟಿನ ಪಕ್ಕ, ನೀರಿನ ಬಾಟಲಿಯ ಕೊರಳಲ್ಲಿ ನೇತಾಡುತ್ತದೆ.