ಮುರಿದ ಬೋಲ್ಟಿನ ಜೊತೆ ಮೂರು ಊರು

ಸೂಡಿಯಿಂದ ಬೆಳಗಿನ ಏಳರ ಬಸ್ಸಿಗೆ ಹೊರಟಾಗ ನನ್ನ ಹತ್ತಿರ ಎರಡು ಸಾಮಾನು ಇದ್ದವು. ಒಂದು ನನ್ನ ಕೈಚೀಲ. ಇನ್ನೊಂದು, ಗೋಣಿಚೀಲದಲ್ಲಿ ಸುತ್ತಿ ಹಗ್ಗ ಬಿಗಿದ ಡೀಸೆಲ್ ಇಂಜಿನ್ನಿನ ಬ್ಲಾಕು. ಅದನ್ನು ಬಸ್ಸಿಗೆ ಹತ್ತಿಸಲು ಇಬ್ಬರು ಬೇಕಾದರು. ಕಂಡಕ್ಟರು ಕಾಲಿನಿಂದ ಮೆಲ್ಲಗೆ ತಟ್ಟಿ ನೋಡಿ, "ಏನೈತ್ರಿ ಮಾಸ್ತರ ಇದರಾಗ? ದೇವರ ಮೂರ್ತಿ ಏನ?" ಎಂದ.

"ಅಕ್ಕನ ಗಿರಣಿ ಇಂಜಿನ್ನು" ಎಂದೆ.

"ಹಂಗಾದ್ರ ಇದಕ್ಕೂ ಒಂದು ಫುಲ್ ಟಿಕೆಟ್ ತಗೀರಿ. ಒಬ್ಬ ಮನಷ್ಯಾನ ಜಾಗ ಹಿಡದೈತಿ."

ತಗೊಂಡೆ. ಆ ಹೊತ್ತಿಗೆ ನನಗೆ ಯಾರ ಜೊತೆಯೂ ವಾದ ಮಾಡುವ ಮುಖ ಇರಲಿಲ್ಲ.

ಗಂಗಕ್ಕ ನನ್ನ ಹಿರಿಯಕ್ಕ. ಭಾವ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು. ಅಂದಿನಿಂದ ಆಕೆ ಒಬ್ಬಳೇ ಸೂಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಹ್ಯಾಂಡಲ್ ಹಾಕಿ ಇಂಜಿನ್ ಚಾಲೂ ಮಾಡುವುದೂ ಆಕೆಯೇ, ಬೀಸುವ ಕಲ್ಲು ಕಟೆಯುವುದೂ ಆಕೆಯೇ. ಊರಲ್ಲಿ ಕರೆಂಟಿನ ಗಿರಣಿ ಇನ್ನೊಂದಿತ್ತು, ಆದರೆ ಕರೆಂಟು ಇದ್ದರೆ ತಾನೇ? ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಪ್ರತಿ ದೀಪಾವಳಿಗೆ, "ನಮ್ಮ ಮನಿಗೆ ಬಂದ್ಬಿಡು ಅಕ್ಕಾ" ಎಂದು ಕರೆಯುತ್ತಿದ್ದೆ. "ಇಂಜಿನ್ ತಿರಗೂತನಾ ನಾ ಯಾರ ಮನಿಗೂ ಬರಾಕಿ ಅಲ್ಲ" ಎಂದು ಆಕೆ ನಗುತ್ತಿದ್ದಳು. ಅವಳ ಮಾತು ಕೇಳಿ ನನಗೆ ಹೆಮ್ಮೆಯೂ ಆಗುತ್ತಿತ್ತು, ಸ್ವಲ್ಪ ಸಿಟ್ಟೂ ಬರುತ್ತಿತ್ತು.

ಆ ವರ್ಷ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮೊದಲು ಇಂಜಿನ್ ಹೊಗೆ ಬಿಡತೊಡಗಿತ್ತು. ಬ್ಲಾಕಿನ ಮೇಲೆ ಕೂರುವ ಹೆಡ್ಡು ಬಿಚ್ಚಿ ಮಸಿ ತೆಗೆಯಬೇಕಿತ್ತು. ಯಾವಾಗಲೂ ಬರುವ ಫಿಟರ್ ದುಡಿಯಲು ಗೋವಾಕ್ಕೆ ಹೋಗಿದ್ದ. "ಗಜೇಂದ್ರಗಡದಾಗ ಮೌಲಾಸಾಬ ಚಾಚಾ ಅದಾರ, ಕರಸೂಣು" ಎಂದಳು ಅಕ್ಕ. ದಸರೆ ರಜೆಗೆ ಬಂದಿದ್ದ ನಾನು ಕೇಳಲಿಲ್ಲ. ಪಾಠ ಹೇಳುವವನಿಗೆ ಇಷ್ಟು ಬಾರದೇ? ನಾನೇ ಬಿಚ್ಚಿದೆ, ನಾನೇ ತೊಳೆದೆ. ನಮ್ಮ ಕಡೆ ಆ ಹಬ್ಬದ ದಿನ ಮನೆಯ ಯಾವ ಕಬ್ಬಿಣವೂ ಎಣ್ಣೆ ಕಾಣದೆ ಇರಬಾರದು. ಕುಡಗೋಲು, ಹೊಲಿಗೆ ಮಷೀನು, ಬಾವಿಯ ಗಾಲಿ, ಎಲ್ಲಕ್ಕೂ ಎಣ್ಣೆ. ನಾನೂ ಭಕ್ತಿಯಿಂದ ಬ್ಲಾಕಿನಲ್ಲಿ ಬೋಲ್ಟು ಕೂರುವ ನಾಲ್ಕೂ ತೂತುಗಳಿಗೆ ಬಾಯಿಮಟ ಎಣ್ಣೆ ತುಂಬಿದೆ. ಅಕ್ಕ ಕುಂಕುಮ ಹಚ್ಚಿ ಕಾಯಿ ಒಡೆದಳು. ಆಮೇಲೆ ಹೆಡ್ಡು ಕೂರಿಸಿ ಬಿಗಿಯತೊಡಗಿದೆ. ಮೂರು ಬೋಲ್ಟು ಹೇಗೋ ಕೂತವು. ನಾಲ್ಕನೆಯದು ಅರ್ಧಕ್ಕೇ ನಿಂತಿತು. ಬೋಲ್ಟು ತಿರುವುವ ಪಾನಾದ ಹಿಡಿಗೆ ಕೊಳವೆ ಸಿಗಿಸಿ ಮೈಭಾರ ಹಾಕಿದೆ.

"ಸಾಕೋ ತಮ್ಮಾ, ಭಾಳ ಬಿಗಿ ಆಗೇತಿ" ಎಂದಳು ಅಕ್ಕ.

"ನೀ ಸುಮ್ನಿರು" ಎಂದೆ. ಟಕ್ ಎಂದಿತು. ಬೋಲ್ಟಿನ ತಲೆ ನನ್ನ ಪಾನಾದಲ್ಲಿ ಬಂತು, ಕಾಲು ಬ್ಲಾಕಿನೊಳಗೇ ಉಳಿಯಿತು.

ಆ ಬ್ಲಾಕು ಹೊತ್ತು ಹೊರಟವನು ನರೇಗಲ್ಲಿನಲ್ಲಿ ಬಸ್ಸು ಬದಲಿಸಿ ರೋಣ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಹೊಲಗಳಲ್ಲಿ ಹಿಂಗಾರಿ ಬಿತ್ತನೆ ನಡೆದಿತ್ತು. ಮಳೆ ಚಲೋ ಆಗಿತ್ತು, ಎರೆಮಣ್ಣು ಕರ್ರಗೆ ಹೊಳೆಯುತ್ತಿತ್ತು. ಊರವರೆಲ್ಲ ಹುರುಪಿನಲ್ಲಿದ್ದ ಆ ದಿನಗಳಲ್ಲಿ ನಾನೊಬ್ಬನೇ ಸೂತಕದವನ ಹಾಗೆ ಕೂತಿದ್ದೆ.

ರೋಣದಲ್ಲಿ ಲೇಥ್ ಅಂಗಡಿ ಇಟ್ಟಿದ್ದ ಬಸವರಾಜ ನನ್ನ ಹಳೆಯ ವಿದ್ಯಾರ್ಥಿ. ಬ್ಲಾಕು ನೋಡಿ ಬಹಳ ಹೊತ್ತು ತಲೆ ಕೆರೆದುಕೊಂಡ. ಬೋಲ್ಟಿನ ಮುರಿದ ಮುಖ ಓರೆಯಾಗಿತ್ತು, ಅದನ್ನು ಕೊರೆದು ತೆಗೆಯಲು ಡ್ರಿಲ್ಲು ನಡುವೆ ನಿಲ್ಲುವುದು ಕಷ್ಟ ಎಂಬುದು ಅವನಿಗೆ ಗೊತ್ತಿತ್ತೆಂದು ಈಗ ಅನಿಸುತ್ತದೆ.

"ಆಗತೈತೇನಪಾ?" ಎಂದೆ.

"ನೀವು ಹೇಳಿದ್ರ ಮಾಡ್ತೀನ್ರಿ ಸರ್" ಎಂದ.

ನಮ್ಮಲ್ಲಿ ಗುರುವಿಗೆ ಆಗುವುದಿಲ್ಲ ಎನ್ನುವ ಶಿಷ್ಯ ಹುಟ್ಟಿಲ್ಲ. ಅದು ಗೊತ್ತಿದ್ದೂ ನಾನು, "ಲಗೂ ಮಾಡು" ಎಂದೆ. ಡ್ರಿಲ್ಲು ಜಾರಿತು. ತೂತು ಬೋಲ್ಟಿನ ನಡುವೆ ಬೀಳದೆ ಅಂಚಿಗೆ ಬಿತ್ತು. ಬಸವರಾಜ ಮಷೀನು ನಿಲ್ಲಿಸಿ ನೆಲ ನೋಡುತ್ತ ನಿಂತ. ಬೈಯಲು ಬಾಯಿ ತೆರೆದೆ. ಬೈಸಿಕೊಳ್ಳಬೇಕಾದವನು ನಾನು ಎಂದು ನೆನಪಾಗಿ ಬಾಯಿ ಮುಚ್ಚಿದೆ.

"ನರಗುಂದದಾಗ ಟ್ರ್ಯಾಕ್ಟರ್ ಗ್ಯಾರೇಜ್ ಒಂದೈತ್ರಿ. ಅವರ ಕಡೆ ಮುರಿದ ಬೋಲ್ಟ್ ತಗಿಯೋ ಹತ್ಯಾರ ಐತಿ" ಎಂದ.

ಮರುದಿನ ನರಗುಂದದ ಬಸ್ಸಿನಲ್ಲಿ ಮತ್ತೆ ನಾನು ಮತ್ತು ಬ್ಲಾಕು. ದೂರದಿಂದಲೇ ಗುಡ್ಡ ಕಂಡಿತು. ಬೇರೆ ಸಮಯದಲ್ಲಾಗಿದ್ದರೆ ಹತ್ತಿ ನೋಡುತ್ತಿದ್ದೆ. ಗ್ಯಾರೇಜಿನ ಮಿಸ್ತ್ರಿ ಮಾತು ಕಡಿಮೆಯ ಮನುಷ್ಯ. ಎಡಕ್ಕೆ ತಿರುಗಿಸುತ್ತ ಹೋದರೆ ಕಚ್ಚಿ ಹಿಡಿಯುವ, ಮೊನಚು ತುದಿಯ ಒಂದು ಉಕ್ಕಿನ ಹತ್ಯಾರವನ್ನು ಆ ಓರೆ ತೂತಿಗೆ ಬಡಿದು ಕೂರಿಸಿ ತಿರುವಿದ. ಬೋಲ್ಟು ಅಲುಗಿದಂತೆ ಕಂಡಿತು.  ಮರುಗಳಿಗೆಗೆ ಹತ್ಯಾರದ ತುದಿಯೇ ಮುರಿದು ಒಳಗೆ ಕೂತಿತು.

"ಇನ್ನ ಇದಕ್ಕ ಡ್ರಿಲ್ ಹತ್ತಂಗಿಲ್ರಿ" ಎಂದು ಮಿಸ್ತ್ರಿ ಕೈ ಒರೆಸಿಕೊಂಡ. "ಈ ಉಕ್ಕು ಡ್ರಿಲ್‌ಗಿಂತ ಗಟ್ಟಿ. ಗುಜರಿಯವಗ ತೂಕಕ್ಕ ಹಾಕಿಬಿಡ್ರಿ."

ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣಗಾಯಿ, ಕೆಂಪು ಚಟ್ನಿ ಎಲ್ಲ ಇತ್ತು. ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಎಸ್‌ಟಿಡಿ ಬೂತಿಗೆ ಹೋಗಿ ಸೂಡಿಯ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ ಅಕ್ಕನನ್ನು ಕರೆಸಿದೆ.

"ಆತೇನೋ?" ಎಂದಳು. "ಹೆಣ್ಮಕ್ಕಳು ಬೀಸಾಕ ಜೋಳದ ಬುಟ್ಟಿ ಇಟ್ಟು ಹೋಗ್ಯಾರ. ನಾಳಿಗೆ ಇಂಜಿನ್ ಬರತೈತಿ ಅಂತ ಹೇಳೇನಿ."

"ಇನ್ನೂ ಸ್ವಲ್ಪ ಕೆಲಸ ಐತಿ" ಎಂದೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಹೇಸಿಗೆ ಬಂತು.

ಮೂರನೆಯ ದಿನ, ಅಕ್ಕ ಮೊದಲೇ ಹೇಳಿದ್ದ ಗಜೇಂದ್ರಗಡಕ್ಕೇ ಬಂದೆ. ಸೂಡಿಗೆ ಎಲ್ಲಕ್ಕಿಂತ ಹತ್ತಿರದ ಪೇಟೆ ಅದು. ಅದನ್ನು ಬೆನ್ನಿಗೆ ಬಿಟ್ಟು ಎರಡು ತಾಲೂಕು ಸುತ್ತಿದ್ದೆ. ಗುಡ್ಡದ ಬುಡದ ಓಣಿಯಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಮೌಲಾಸಾಬ ಚಾಚಾ. ಎಪ್ಪತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ.

"ಗಂಗವ್ವನ ಇಂಜಿನ್ ಅಲ್ಲೇನ್ರಿ ಇದು?" ಎಂದರು ಚೀಲ ಬಿಚ್ಚಿದ ಕೂಡಲೇ. ಯಾರು ಮುರಿದರು ಎಂದು ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿದ್ದೆನೋ ಏನೋ.

ಅವರಿಗೆ ಅವಸರವೇ ಇರಲಿಲ್ಲ. ಸಣ್ಣ ಉಳಿಯಿಂದ ಆ ಗಟ್ಟಿ ಉಕ್ಕಿನ ತುದಿಯನ್ನು ಚೂರು ಚೂರು ಮಾಡಿ, ಅಯಸ್ಕಾಂತದಿಂದ ಒಂದೊಂದೇ ಎತ್ತಿದರು. ಅಷ್ಟಕ್ಕೇ ಮಧ್ಯಾಹ್ನವಾಯಿತು. ನಮಾಜಿಗೆ ಹೋಗಿ ಬಂದರು. ಕರೆಂಟು ಬರುವತನಕ ಚಹಾ ಕುಡಿಸಿದರು. ಬಂದ ಮೇಲೆ ಬೋಲ್ಟಿನ ತುಂಡಿನ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿ, ತಣ್ಣಗಾಗಲು ಬಿಟ್ಟು, ಸೀಮೆಎಣ್ಣೆ ಹನಿಸಿ ಪಾನಾ ಹಚ್ಚಿದರು. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. ಮತ್ತೆ ಸ್ವಲ್ಪ ಮುಂದೆ. ಕಿರ್ ಎಂದು ತುಂಡು ತಿರುಗತೊಡಗಿತು. ನಾಲ್ಕು ಸುತ್ತು, ಆರು ಸುತ್ತು, ಹೊರಗೆ ಬಂತು.

ನಾನು ಅವರ ಕೈ ಹಿಡಿದುಕೊಂಡೆ.  ಆದರೆ ಚಾಚಾ ನನ್ನನ್ನು ನೋಡುತ್ತಿರಲಿಲ್ಲ, ತೂತನ್ನು ನೋಡುತ್ತಿದ್ದರು.

"ಮಾಸ್ತರ, ಖಡು ಐತೇನ್ರಿ ಕಿಸೆದಾಗ?"

ಇತ್ತು. ಇಪ್ಪತ್ತು ವರ್ಷದ ಚಾಳಿ, ರಜೆಯಲ್ಲೂ ನನ್ನ ಕಿಸೆಯಲ್ಲಿ ಬೋರ್ಡಿಗೆ ಬರೆಯುವ ಖಡುವಿನ ತುಂಡು ಇರುತ್ತದೆ. ಅದನ್ನು ತೆಗೆದುಕೊಂಡು ಬ್ಲಾಕಿನ ಹೊರಮೈಯನ್ನು ಒರೆಸಿ ಬೆಳ್ಳಗೆ ಬಳಿದರು. ತೂತಿಗೆ ಸೀಮೆಎಣ್ಣೆ ತುಂಬಿಸಿ, "ಕೂಡ್ರಿ" ಎಂದರು. ಕೂತೆವು. ಬಿಳಿ ಲೇಪದ ಮೇಲೆ ಕೂದಲಿನಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಮೂಡಿ ಕೆಳಗಿಳಿಯಿತು.

"ಒಡದೈತಿ" ಎಂದರು ಚಾಚಾ. "ತೂತಿನಾಗ ಎಣ್ಣಿ ತುಂಬಿದ್ರೇನು?"

"ತುಂಬಿದ್ದೆ."

"ಬೋಲ್ಟಿಗೆ ಎರಡು ಹನಿ ಹಚ್ಚಬೇಕ್ರಿ, ತೂತು ತುಂಬಬಾರದು. ಬೋಲ್ಟ್ ಇಳದಂಗ ಎಣ್ಣಿ ಎಲ್ಲಿ ಹೋಗಬೇಕು? ಅದು ಕುಗ್ಗಂಗಿಲ್ಲ, ಬ್ಲಾಕಿನ ಬೀಡುಕಬ್ಬಿಣ ಒಡೀತೈತಿ."

ದ್ರವವನ್ನು ಒತ್ತಿ ಕುಗ್ಗಿಸಲಾಗದು, ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹೋಗುತ್ತದೆ. ಇದೇ ಖಡುವಿನಿಂದ ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವನು ನಾನು. ವೆಲ್ಡ್ ಮಾಡಲಾಗದೇ ಎಂದು ಕೇಳಿದೆ. "ಈ ಜಾಗದಾಗ ನಿಲ್ಲಂಗಿಲ್ರಿ. ಈ ಕಂಪನಿ ಬ್ಲಾಕು ಈಗ ಎಲ್ಲೂ ಸಿಗಂಗೂ ಇಲ್ಲ" ಎಂದರು. ಆಮೇಲೆ, "ಗಂಗವ್ವಗ ನಾ ಹೇಳ್ಲೇನು?" ಎಂದರು. ಬೇಡ ಎಂದೆ.

ಹೊತ್ತು ಇಳಿಯುವ ಮುಂಚೆ ಸೂಡಿ ತಲುಪಿದೆ. ಅಕ್ಕ ಗಿರಣಿಯ ಕಸ ಹೊಡೆದು, ಡೀಸೆಲ್ ಡಬ್ಬಿ ತುಂಬಿಸಿ ಇಟ್ಟಿದ್ದಳು. ಜೋಳದ ಬುಟ್ಟಿಗಳು ಸಾಲಾಗಿದ್ದವು. ಎಣ್ಣೆ ತುಂಬಿದ್ದರಿಂದ ಹಿಡಿದು ಕಪ್ಪು ಗೆರೆಯವರೆಗೆ ಎಲ್ಲ ಹೇಳಿದೆ, ಏನೂ ಮುಚ್ಚಲಿಲ್ಲ. ಆಕೆ ಬ್ಲಾಕಿನ ಮೇಲಿನ ಖಡುವನ್ನು ಸೆರಗಿನಿಂದ ಒರೆಸಿದಳು. ಬುಟ್ಟಿಯವರನ್ನು ಕರೆದು, "ಒಯ್ಯಿರೆವ್ವಾ, ಇಲ್ಲಿ ಇನ್ನ ಬೀಸಂಗಿಲ್ಲ" ಎಂದಳು.

"ಅಕ್ಕಾ, ನಮ್ಮ ಮನಿಗೆ ನಡಿ" ಎಂದೆ. 

"ಹನ್ನೊಂದು ವರ್ಷ ಕರದಿ" ಎಂದಳು. "ಈಗ ಬರೂದಾತು, ಬಿಡು."

ಎರಡು ದಿನ ಬಿಟ್ಟು ಅದೇ ಏಳರ ಬಸ್ಸು, ಅದೇ ಕಂಡಕ್ಟರು. "ಇಂಜಿನ್ ಆತೇನ್ರಿ ಮಾಸ್ತರ?" ಎಂದು ಕೇಳಿದ. ಅಕ್ಕನಿಗೂ ನನಗೂ ಎರಡು ಟಿಕೆಟ್ ಕೇಳಿದೆ. ಊರ ಹೊರಗಿನ ತಿರುವಿನಲ್ಲಿ ಗಿರಣಿಯ ಹೊಗೆ ಕೊಳವೆ ಕಾಣುತ್ತದೆ. ನಾನು ತಿರುಗಿ ನೋಡಿದೆ. ಅಕ್ಕ ಇಂಜಿನ್ನಿನ ಹ್ಯಾಂಡಲನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆಯೇ ನೋಡುತ್ತ ಕೂತಿದ್ದಳು.