ಇವತ್ತು ಕಲೆ ಯಾರು ತಗೋತೀರಿ?

ಇಸ್ತ್ರಿಯಣ್ಣನಿಗೆ ಲೆಕ್ಕ ಅಂದರೆ ವಿಪರೀತ ಗೌರವ. ಹಾಗಂತ ಅವನು ಲೆಕ್ಕದಲ್ಲಿ ಹುಲಿಯೇನಲ್ಲ. ಕೂಡುವುದು ಕಳೆಯುವುದು ಬಿಟ್ಟರೆ ಮಿಕ್ಕಿದ್ದೆಲ್ಲ ಶಾಲೆಯಲ್ಲಿ ಅವನ ತಲೆಯ ಮೇಲಿಂದ ಹಾರಿಹೋಗಿತ್ತು. ಬಹುಶಃ ಅದಕ್ಕೇ, ಲೆಕ್ಕ ಬಂದವರಷ್ಟೇ ಓದಬೇಕು, ಬಾರದವರು ತನ್ನ ಹಾಗೆ ಲಾಂಡ್ರಿ ಇಡಬೇಕು ಅಂತ ಅವನು ತೀರ್ಮಾನ ಮಾಡಿಕೊಂಡಿದ್ದ. ಇಂಥವನ ಒಬ್ಬಳೇ ಮಗಳು ಲೆಕ್ಕಕ್ಕೆ ಕೈಮುಗಿದು, ಅದರ ಬದಲಿಗೆ ಸಂಗೀತ ತಗೊಂಡು, ನಗುನಗುತ್ತಾ ಶಾಲೆ ಮುಗಿಸಿ ಬಂದು ನಿಂತಿದ್ದಳು.

ಮಗಳನ್ನು ಬೀದಿಯೆಲ್ಲ ಗರಿಗರಿ ಅಂತಲೇ ಕರೆಯುತ್ತಿತ್ತು. ಅಪ್ಪ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಅವಳು ಬರುತ್ತಿದ್ದರೆ ಮೊದಲು ಸದ್ದು ಬರುತ್ತಿತ್ತು, ಆಮೇಲೆ ಹುಡುಗಿ. ಬಾಯಂತೂ ಬಿಡುವಿಲ್ಲದ್ದು. ಅವಳು ಅಂಗಡಿಯಲ್ಲಿದ್ದರೆ ಬಟ್ಟೆ ಒಗೆಯುವ ಯಂತ್ರ ಓಡುತ್ತಿದೆಯೋ ನಿಂತಿದೆಯೋ ಯಾರಿಗೂ ತಿಳಿಯುತ್ತಿರಲಿಲ್ಲ.

ಶಾಲೆ ಮುಗಿದದ್ದೇ ತಡ, ಗಿರಾಕಿಗಳೆಲ್ಲ ಬುದ್ಧಿ ಹೇಳುವವರಾದರು. "ಬಾಯಿ ಇದೆಯಲ್ಲ, ವಕೀಲಿಕೆ ಓದಲಿ" ಅಂದ ಒಬ್ಬ, ಒಗೆದ ಕರಿ ಕೋಟು ತಗೊಳ್ಳುತ್ತಾ. ನರ್ಸ್ ಆಗಲಿ ಅಂದಳು ಆಸ್ಪತ್ರೆಯ ಬಿಳಿ ಅಂಗಿ ತಂದವಳು. ಪತ್ರಿಕೆಗೆ ಬರೆಯಲಿ, ಎರಡು ಭಾಷೆ ಕಲಿತು ಅನುವಾದ ಮಾಡಲಿ, ಹೋಟೆಲಿನ ಕೋರ್ಸ್ ಮಾಡಲಿ ಅಂತ ಬಾಯಿಗೊಂದು ಮಾತು. ಪಕ್ಕದಂಗಡಿಯ ದರ್ಜಿ ಮಾತ್ರ ಬಟ್ಟೆ ವಿನ್ಯಾಸವೇ ಸರಿ ಅಂತ ಹಟ ಹಿಡಿದ, ಅವನಿಗೊಬ್ಬಳು ಸಹಾಯಕಿ ಬೇಕಾಗಿತ್ತು. ಎಲ್ಲಕ್ಕೂ ಇಸ್ತ್ರಿಯಣ್ಣನದು ಒಂದೇ ಉತ್ತರ: "ಲೆಕ್ಕಾನೇ ಬಿಟ್ಟವಳಿಗೆ ಓದು ಯಾವ ಲೆಕ್ಕ?" ಒಮ್ಮೆ ಗರಿಗರಿ "ಅಪ್ಪ, ಆರ್ಟ್ಸ್" ಅಂತ ಬಾಯಿ ತೆರೆದಳು. "ಆರ್ಟ್ಸಂತೆ ಪಾರ್ಟ್ಸಂತೆ" ಅಂತ ಅವನು ಇಸ್ತ್ರಿಪೆಟ್ಟಿಗೆಯನ್ನು ಎಷ್ಟು ಜೋರಾಗಿ ಒತ್ತಿದನೆಂದರೆ ಯಾರದೋ ಕಾಲರು ಕಂದಿಹೋಯಿತು.

ಅವನ ಆಸೆ ಬೇರೆ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಮಗಳು ಅಂಗಡಿಯಲ್ಲೇ ಇರಬೇಕು. ಅವಳ ಮಾತಿಲ್ಲದ ಅಂಗಡಿಯನ್ನು ನೆನೆಸಿಕೊಂಡರೂ ಅವನಿಗೆ ಕೈಕಾಲು ಆಡುತ್ತಿರಲಿಲ್ಲ.

ಇಲ್ಲಿ ಅಂಗಡಿಯ ಒಂದು ಪದ್ಧತಿ ಹೇಳಲೇಬೇಕು. ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಒಂದು ಮೇಜಿತ್ತು. ಮೇಲೆ ಬ್ರಷ್ಷು, ಸ್ಪಿರಿಟ್ ಬಾಟಲಿ, ಹತ್ತಿ, ಹಳೇ ಚಿಂದಿ. ಚಹಾ ಚೆಲ್ಲಿದ್ದು, ಶಾಯಿ ಸೋರಿದ್ದು, ಎಣ್ಣೆ ಮೆತ್ತಿದ್ದು ಎಲ್ಲ ಅಲ್ಲಿಗೆ ಹೋಗಬೇಕು. ಬೆನ್ನು ಮುರಿಯುವ ಕೆಲಸ, ಯಾರಿಗೂ ಬೇಡ. ದಿನಾ ಬಾಗಿಲು ತೆಗೆದ ಕೂಡಲೇ ಅವನು ಕೇಳುತ್ತಿದ್ದ, "ಇವತ್ತು ಕಲೆ ಯಾರು ತಗೋತೀರಿ?" ಹೆಂಡತಿ ತಕ್ಷಣ ಇಸ್ತ್ರಿಗೆ ನಿಂತುಬಿಡುತ್ತಿದ್ದಳು. ಮಗಳಿಗೆ ಅದೇ ಗಳಿಗೆಯಲ್ಲಿ ಶಾಲೆ ನೆನಪಾಗುತ್ತಿತ್ತು.

ಒಂದು ಸಂಜೆ ಗರಿಗರಿ ಕಾಲೇಜಿನ ಕಡೆಯಿಂದ ಕುಣಿಯುತ್ತಾ ಬಂದಳು. ದಾರಿಯುದ್ದಕ್ಕೂ ಯೋಚಿಸಿದ್ದಳು: ಆರ್ಟ್ಸ್ ಅಂದರೆ ಅಪ್ಪನಿಗೆ ಮೈಯೆಲ್ಲ ಉರಿ, ಆ ಮಾತೇ ಬೇಡ, ಕಾಲೇಜಿನ ಫಲಕದಲ್ಲಿರುವಂತೆ ಚಂದವಾಗಿ ಹೇಳಬೇಕು. ಯಂತ್ರ ಗಡಗಡ ಅನ್ನುತ್ತಿರುವಾಗಲೇ ಉಸಿರು ಬಿಗಿಹಿಡಿದು ಹೇಳಿಬಿಟ್ಟಳು, "ಅಪ್ಪ, ನಾನು ತೀರ್ಮಾನ ಮಾಡಿಬಿಟ್ಟೆ. ಕಲೆ ತಗೋತೀನಿ."

ಇಸ್ತ್ರಿಯಣ್ಣನ ಕೈ ನಿಂತಿತು. "ಏನಂದೆ? ಕಲೇನಾ? ನೀನಾ?"

"ಹೂಂ. ಕಲಾ ವಿಭಾಗ."

ಕಿಟಕಿ ಪಕ್ಕದ ಮುರುಕು ಮೇಜಿಗೆ ಇಷ್ಟು ದೊಡ್ಡ ಹೆಸರಿಟ್ಟಳಲ್ಲ ಅಂತ ಅವನ ಕಣ್ಣು ತುಂಬಿಬಂತು. "ಮನಸ್ಸಿಟ್ಟು ಮಾಡ್ತೀಯಾ? ಅರ್ಧಕ್ಕೆ ಬಿಡಲ್ಲ ತಾನೆ?"

"ಪ್ರಾಣ ಹೋದ್ರೂ ಬಿಡಲ್ಲ."

"ಹಾಗಾದ್ರೆ ಇನ್ನೇನು, ಮಾಡು ಮಗಳೇ" ಅಂದುಬಿಟ್ಟ. ಅಪ್ಪ ಇಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಅವಳು ಅವನ ಕೊರಳಿಗೇ ಜೋತುಬಿದ್ದಳು. ಅವಳು ಹೇಳಿದ ಕಲೆ ಒಂದು, ಇವನು ಕೇಳಿದ ಕಲೆ ಇನ್ನೊಂದು. ಇಬ್ಬರ ಸಂತೋಷಕ್ಕೂ ಅಂಗಡಿ ಸಾಲದಾಯಿತು.

ಮರುದಿನ ಅವನು ಒಂದು ಎತ್ತರದ ಸ್ಟೂಲನ್ನೂ ಒಂದು ಮೇಜಿನ ದೀಪವನ್ನೂ ಹೊತ್ತು ತಂದ. "ಕೂತು ಮಾಡೋ ಕೆಲಸ. ಬೆನ್ನು ನೋಯಬಾರದು, ಕಣ್ಣಿಗೆ ಬೆಳಕು ಬೇಕು. ಮುಂದಿನ ವಾರದಿಂದ ಶುರು ಮಾಡು" ಅಂದ. ಓದುವುದಕ್ಕೆ ಅಪ್ಪ ಇಷ್ಟೆಲ್ಲ ಮಾಡುತ್ತಿದ್ದಾನಲ್ಲ ಅಂತ ಗರಿಗರಿ ಕರಗಿ ನೀರಾದಳು. ಹೆಂಡತಿಗೆ ಮಾತ್ರ ಆ ಸ್ಟೂಲು ನೇರವಾಗಿ ಕಿಟಕಿ ಪಕ್ಕದ ಮೇಜಿಗೆ ಹೋದದ್ದು ಕಂಡ ಕೂಡಲೇ ವಿಷಯ ಹೊಳೆಯಿತು. ಹೇಳಬಹುದಿತ್ತು. ಹೇಳಿದರೆ ಗಂಡ ಬೇಡ ಅನ್ನುವುದು ಗ್ಯಾರಂಟಿ ಅಂತ ಗೊತ್ತಿದ್ದ ಆ ಪುಣ್ಯಾತ್ಗಿತ್ತಿ, ಗಿರಾಕಿಯ ಟವೆಲ್ಲನ್ನೇ ಬಾಯಿಗೆ ತುರುಕಿಕೊಂಡು ನಗು ನುಂಗಿದಳು.

ಮಗಳು ಕಲೆ ತಗೊಂಡಳು ಅಂತ ಇಸ್ತ್ರಿಯಣ್ಣ ಬೀದಿಗೆಲ್ಲ ಡಂಗುರ ಸಾರಿದ. "ಎಷ್ಟು ವರ್ಷದ್ದು?" ಅಂತ ಕೇಳಿದ ದರ್ಜಿ. "ವರ್ಷ ಏನು ಬಂತು, ಜೀವಮಾನ ಪೂರ್ತಿ" ಅಂದ ಇವನು. ದರ್ಜಿ ತಲೆದೂಗಿದ. ಕಲೆಗೆ ಕೊನೆ ಎಲ್ಲಿ, ಅದೂ ನಿಜವೇ.

ಆ ವಾರದ ಕೊನೆಗೆ ಕಾಲೇಜಿನ ಮೇಡಂ ತಮ್ಮ ಕೋಟು ಕೊಡಲು ಬಂದರು. ಕಲಾ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಒಂದೂ ಪರಭಾಷೆಯ ಪದ ಬಳಸಬಾರದು ಅನ್ನುವ ಹಟದವರು, ಬಸ್ಸು ಅನ್ನಬೇಕಾದರೂ ಒಂದು ಕ್ಷಣ ತಡವರಿಸುವವರು.

"ನಿಮ್ಮ ಮಗಳು ಕಲೆಗೆ ಬರ್ತಾಳಂತೆ, ಬಹಳ ಸಂತೋಷ. ಅದರಲ್ಲಿ ಅವಳಿಗೆ ಯಾವುದು ಇಷ್ಟ?"

"ಶಾಯಿ ಮೇಡಂ. ಶಾಯಿ ಅಂದ್ರೆ ಅವಳಿಗೆ ಆಟ" ಅಂತ ಜಂಬ ಕೊಚ್ಚಿದ ಇಸ್ತ್ರಿಯಣ್ಣ, ಮಗಳು ಇನ್ನೂ ಬ್ರಷ್ಷು ಮುಟ್ಟದಿದ್ದರೂ.

"ಓಹೋ, ಬರವಣಿಗೆ."

"ಎಣ್ಣೇದೂ ಪರವಾಗಿಲ್ಲ."

"ತೈಲವರ್ಣವೂ ಬರುತ್ತಾ? ನೋಡಿ, ಹೇಳಲೇ ಇಲ್ಲ ಹುಡುಗಿ."

"ವರ್ಣ ಯಾವುದಾದ್ರೂ ಸರಿ ಮೇಡಂ. ಆದ್ರೆ ಹಳೇದು ಅಂದ್ರೆ ಅವಳಿಗೆ ಜಾಸ್ತಿ ಹುಚ್ಚು. ಎಷ್ಟೇ ಹಳೇದಾಗಿರಲಿ, ಬೆಳಕಿಗೆ ಹಿಡಿದು ನೋಡ್ತಾನೇ ನಿಂತಿರ್ತಾಳೆ."

"ಇತಿಹಾಸ" ಅಂದರು ಮೇಡಂ, ಗದ್ಗದರಾಗಿ. "ಮಗಳನ್ನು ಇಷ್ಟು ಅರ್ಥ ಮಾಡಿಕೊಂಡ ತಂದೆಯನ್ನು ನಾನು ನೋಡೇ ಇಲ್ಲ. ನಾಳೆ ಪ್ರವೇಶಕ್ಕೆ ಕೊನೆಯ ದಿನ, ನೀವೇ ಕಲಾ ವಿಭಾಗಕ್ಕೆ ಕರ್ಕೊಂಡು ಬನ್ನಿ. ನಿಮ್ಮ ಒಪ್ಪಿಗೆ ಎದುರಿಗೇ ಕೇಳಬೇಕು ನಾನು."

ಅವರು ಹೋದ ಮೇಲೆ ಇಸ್ತ್ರಿಯಣ್ಣ ಹೆಂಡತಿಯ ಹತ್ತಿರ ಓಡಿದ. "ಕಾಲೇಜಲ್ಲೂ ಒಂದು ಕಲಾ ವಿಭಾಗ ಇದೆಯಂತೆ ಕಣೇ. ಹಾಸ್ಟೆಲ್ ಹುಡುಗರು ಅದೆಷ್ಟು ಗಲೀಜು ಮಾಡ್ತಾರೋ ಏನೋ. ಆ ಬಟ್ಟೆಯೆಲ್ಲ ನಮಗೇ ಬರುತ್ತೆ ನೋಡ್ತಿರು." ಹೆಂಡತಿ ನಗು ತಡೆಯಲಾರದೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬರಿಗೈಯಲ್ಲಿ ಹೋಗಬಾರದು ಅಂತ ಅವನು ಚೀಲದಲ್ಲಿ ಬ್ರಷ್ಷು, ಸ್ಪಿರಿಟ್ಟು ಇಟ್ಟುಕೊಂಡೇ ಮರುದಿನ ಮಗಳ ಜೊತೆ ಹೊರಟ. ಕಾಲೇಜಿನಲ್ಲಿ ಉದ್ದನೆಯ ಪಡಸಾಲೆ ದಾಟಿ, 'ಕಲಾ ವಿಭಾಗ' ಅಂತ ಬರೆದ ಬಾಗಿಲಿನ ಒಳಗೆ ಕಾಲಿಟ್ಟ. ಗೋಡೆ ತುಂಬ ಪುಸ್ತಕ. ಒಂದು ಹರಿದ ಭೂಪಟ. ಮೂಗು ಮುಕ್ಕಾದ ಒಂದು ಕಲ್ಲಿನ ತಲೆ. ಅವನ ಕಣ್ಣು ಮೂಲೆಮೂಲೆ ಹುಡುಕಿತು. ಎಲ್ಲೂ ಒಂದು ನಲ್ಲಿ ಇಲ್ಲ.

ನಲ್ಲಿಯೇ ಇಲ್ಲದ ಜಾಗದಲ್ಲಿ ಎಂಥ ಕಲೆ ಅಂತ ಅವನು ಯೋಚಿಸುವಷ್ಟರಲ್ಲಿ ಮೇಡಂ ಶುರುಮಾಡಿಯೇಬಿಟ್ಟಿದ್ದರು. ಇತಿಹಾಸ, ಭಾಷೆ, ಮನಶ್ಶಾಸ್ತ್ರ. ಆಮೇಲೆ ಬೇಕಾದರೆ ಕಾನೂನು, ಪತ್ರಿಕೆ, ಗ್ರಂಥಾಲಯ, ವಸ್ತು ಸಂಗ್ರಹಾಲಯ. "ಗಣಿತದ ಚಿಂತೆ ಬಿಡಿ, ಇಲ್ಲಿ ಅದನ್ನು ಯಾರೂ ಕೇಳೋದಿಲ್ಲ."

ಇಸ್ತ್ರಿಯಣ್ಣನಿಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಮೊದಲು ಸಿಟ್ಟು, ಅದರ ಹಿಂದೆಯೇ ನಾಚಿಕೆ, ಇವೆರಡರ ಅಡಿಯಲ್ಲಿ ದುಃಖ. ಮಗಳು ಆ ಸ್ಟೂಲಿನ ಮೇಲೆ ಕೂತು ಹರಟುವುದನ್ನು ಅವನು ಆಗಲೇ ನೂರು ಸಲ ಕಂಡಿದ್ದ. ತಪ್ಪು ತಿಳುವಳಿಕೆ ಆಯ್ತು ಮೇಡಂ, ನಮಗೆ ಇದು ಬೇಡ, ಅಂತ ಎದ್ದು ಹೊರಡಬೇಕು ಅಂದುಕೊಂಡ. ಮಾತು ನಾಲಿಗೆಯ ತುದಿಗೆ ಬಂದೂ ಬಂದಿತ್ತು.

ಅಷ್ಟರಲ್ಲಿ ಮೇಡಂ ಗರಿಗರಿಯನ್ನು ಕೇಳಿದರು, "ಇತಿಹಾಸ ಯಾಕೆ ಬೇಕು ನಿನಗೆ?"

ಯಾವತ್ತೂ ಮಾತಿಗೆ ತಡಕಾಡದವಳು ಒಂದೊಂದೇ ಪದ ಹುಡುಕಿಕೊಂಡು ಮೆಲ್ಲಗೆ ಹೇಳಿದಳು, "ನಮ್ಮ ಅಂಗಡಿಗೆ ಬಟ್ಟೆ ಬರುತ್ತಲ್ಲ ಮೇಡಂ. ಅಪ್ಪ ಅದನ್ನ ನೋಡಿದ್ರೆ ಈ ಕಲೆ ಹೇಗೆ ಹೋಗುತ್ತೆ ಅಂತ ಯೋಚಿಸ್ತಾರೆ. ನನಗೆ ಮಾತ್ರ ಇದು ಹೇಗೆ ಬಂತು ಅಂತಾನೇ ತಲೆಯಲ್ಲಿ ಓಡುತ್ತೆ. ಯಾರು ಚೆಲ್ಲಿದ್ರು, ಯಾಕೆ ಚೆಲ್ಲಿದ್ರು, ಆಗ ಎದುರಿಗೆ ಯಾರು ಕೂತಿದ್ರು ಅಂತ. ಅಪ್ಪ ಒಗೆದುಬಿಟ್ರೆ ನನಗೆ ಗೊತ್ತಾಗೋದೇ ಇಲ್ಲ."

ಇಸ್ತ್ರಿಯಣ್ಣ ಮಗಳನ್ನೇ ನೋಡಿದ. ಹುಟ್ಟಿದಾಗಿನಿಂದ ಪಕ್ಕದಲ್ಲೇ ಇದ್ದವಳು. ಬಟ್ಟೆ ಹಿಡಿದು ಕಿಟಕಿಯ ಬಳಿ ನಿಂತಿದ್ದಾಗಲೆಲ್ಲ ಕೆಲಸಗಳ್ಳಿ ಅಂತ ಬೈದಿದ್ದ.

"ತಂದೆಯವರು ಏನಂತೀರಿ? ಒಪ್ಪಿಗೆ ತಾನೆ?" ಅಂದರು ಮೇಡಂ.

ಗರಿಗರಿ ಅಪ್ಪನ ಕಡೆ ತಿರುಗಿದಳು. ಚೀಲದ ಬಾಯಿಂದ ಬ್ರಷ್ಷಿನ ಹಿಡಿ ಇಣುಕುತ್ತಿತ್ತು. ಅದನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ಅಪ್ಪ, ನೀನು ಯಾವ ಕಲೆ ಅಂದ್ಕೊಂಡಿದ್ದೆ?"

"ಇದೇ" ಅಂದ ಇಸ್ತ್ರಿಯಣ್ಣ. ಆಯುಷ್ಯದಲ್ಲಿ ಇಷ್ಟು ಸೊಗಸಾದ ಸುಳ್ಳನ್ನು ಅವನು ಹೇಳಿರಲಿಲ್ಲ. ಮತ್ತೆ ಮೇಡಂ ಕಡೆ ತಿರುಗಿ, "ಸೇರಿಸ್ಕೊಳ್ಳಿ ಮೇಡಂ. ಕೆಲವು ಕಲೆ ಉಜ್ಜೋಕೆ ಹೋಗಬಾರದು, ಬಟ್ಟೆನೇ ಹರಿದುಹೋಗುತ್ತೆ" ಅಂದ.

ಮೊದಲು ಕಿಸಕ್ಕೆಂದವಳು ಗರಿಗರಿ. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಅಪ್ಪ ಮಗಳು ಒಬ್ಬರ ಹೆಗಲನ್ನು ಒಬ್ಬರು ಹಿಡಿದುಕೊಂಡು ಉಸಿರು ಸಿಗದಷ್ಟು ನಕ್ಕರು. ಏನು ಎತ್ತ ಗೊತ್ತಾಗದೆ ಮೇಡಂ ಕೂಡ ನಕ್ಕುಬಿಟ್ಟರು. ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಇಸ್ತ್ರಿಯಣ್ಣ ಸ್ವಲ್ಪ ಅತ್ತ, ನಕ್ಕು ನಕ್ಕು ಬಂದ ನೀರು ಅಂತ ಎಲ್ಲರೂ ತಿಳಿದುಕೊಂಡರು.